ಹಿಮಾಲಯನ್ 450 ತಗೊಳ್ಳಲೋ, ಎಕ್ಸ್‌ಪಲ್ಸ್ 210 ತಗೊಳ್ಳಲೋ?

ಪ್ರಶ್ನೆ: ನಮ್ಮದು ಅಣ್ಣಿಗೇರಿ, ನೌಕರಿ ಹುಬ್ಬಳ್ಳಿಯಲ್ಲಿ. ದಿನಾ ಬೈಕಿನಲ್ಲೇ ಓಡಾಟ. ವಾರಕ್ಕೆ ಎರಡು ಸಲ ಹೊಲಕ್ಕೆ ಹೋಗಬೇಕು, ಪೂರಾ ಎರೆ ದಾರಿ. ಆಗಾಗ ಮನೆಯವರನ್ನು ಕೂರಿಸಿಕೊಂಡು ಯಲ್ಲಾಪುರದ ಕಡೆ ಹೋಗುವುದುಂಟು. ಸೊಂಟ ನೋಯಬಾರದು, ಗಾಡಿ ಹೇಳಿದ ಮಾತು ಕೇಳಬೇಕು, ಪಿಕಪ್ಪೂ ಇರಬೇಕು. ಯಾವುದು ಒಳ್ಳೆಯದು?

ಉತ್ತರ: ಹೊಲದ ದಾರಿಯಿಂದಲೇ ಶುರು ಮಾಡೋಣ. ಮಳೆ ಬಿದ್ದ ಮೇಲೆ ಎರೆ ಮಣ್ಣು ಏನು ಮಾಡುತ್ತದೆಂದು ನಿಮಗೆ ಹೇಳಬೇಕಿಲ್ಲ. ಟೈರಿಗೆ ಪದರ ಪದರವಾಗಿ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರವನ್ನೇ ಹಿಡಿದುಬಿಡುತ್ತದೆ. ನವಲಗುಂದದ ಕಡೆ ನಾನೊಮ್ಮೆ ಹಳೇ ಗಾಡಿಯೊಂದಿಗೆ ಹೀಗೆ ಸಿಕ್ಕಿಬಿದ್ದು, ಜಾಲಿ ಕಟ್ಟಿಗೆಯಿಂದ ರಾಡಿ ಕೆತ್ತುತ್ತ ಕೂತಿದ್ದೆ. ಚಕ್ಕಡಿಯಲ್ಲಿ ಬಂದ ಹಿರಿಯರೊಬ್ಬರು, “ಬಿಟ್ಟ ನಡಿಯೋ ತಮ್ಮಾ, ನೆಲಾ ಒಣಗಿದ ಮ್ಯಾಲೆ ಬಂದು ಒಯ್ಯು” ಅಂದರು. ಬಿಟ್ಟೇ ನಡೆದೆ.

ಅಂಥ ಹೊತ್ತಿನಲ್ಲಿ ಎಂಜಿನ್ ಎಷ್ಟು ದೊಡ್ಡದಿದ್ದರೂ ಉಪಯೋಗವಿಲ್ಲ, ಗಾಡಿಯ ತೂಕವೇ ಮಾತಾಡುತ್ತದೆ. ಪೆಟ್ರೋಲ್ ಸೇರಿ ಹಿಮಾಲಯನ್ 196 ಕೆ.ಜಿ., ಎಕ್ಸ್‌ಪಲ್ಸ್ 170ರ ಆಸುಪಾಸು. ಅರ್ಧ ಚೀಲ ಡಿಎಪಿ ಗೊಬ್ಬರದಷ್ಟು ಅಂತರ. ರಸ್ತೆಯ ಮೇಲೆ ಇದು ಗೊತ್ತೇ ಆಗುವುದಿಲ್ಲ. ರಾಡಿಯಲ್ಲಿ ಮಲಗಿದ ಗಾಡಿಯನ್ನು ಒಬ್ಬರೇ ಎತ್ತುವಾಗ ಪ್ರತಿ ಕಿಲೋನೂ ಗೊತ್ತಾಗುತ್ತದೆ.

ಇನ್ನು ಸೊಂಟದ ವಿಚಾರ. ಮೆತ್ತನೆ ಸೀಟೇ ಆರಾಮ ಅನ್ನುವುದು ತಪ್ಪು ಲೆಕ್ಕ. ತಗ್ಗು ದಿಣ್ಣೆಯಲ್ಲಿ ಚಕ್ರ ಎಷ್ಟು ಮೇಲೆ ಕೆಳಗೆ ಆಡಬಲ್ಲದು ಅನ್ನುವುದು ಮುಖ್ಯ. ಹಿಮಾಲಯನ್‌ನಲ್ಲಿ ಅದು ಹಿಂದೆ ಮುಂದೆ 200 ಮಿ.ಮೀ.; ಎಕ್ಸ್‌ಪಲ್ಸ್‌ನಲ್ಲಿ ಮುಂದೆ 210, ಹಿಂದೆ 205. ಇಲ್ಲಿ ಎರಡೂ ಸರಿಸಮ. ಸೊಂಟ ನೋಯುವುದು ಬಹುತೇಕ ಹಿಂದಿನ ಶಾಕ್ ಅಬ್ಸಾರ್ಬರನ್ನು ನಮ್ಮ ತೂಕಕ್ಕೆ ಹೊಂದಿಸಿಕೊಳ್ಳದೆ ಓಡಿಸುವುದರಿಂದ. ಗಾಡಿಯನ್ನು ಎತ್ತಿ ಹಿಡಿದು, ಹಿಂದಿನ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪು ಹಿಡಿದು ಅಳೆಯಿರಿ. ನೀವು ಕೂತ ಮೇಲೆ ಇನ್ನೊಬ್ಬರಿಂದ ಮತ್ತೆ ಅಳೆಸಿ. 60ರಿಂದ 70 ಮಿ.ಮೀ. ಕುಸಿದಿದ್ದರೆ ಸರಿ. ಹೆಚ್ಚು ಕುಸಿದರೆ ಪ್ರೀಲೋಡ್, ಅಂದರೆ ಶಾಕ್‌ನ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ, ಬಿಗಿ ಮಾಡಿಸಿ. ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಗ್ಯಾರೇಜಿನಲ್ಲೂ ಹೇಳುತ್ತಾರೆ. ಹಾಗೇನಿಲ್ಲ, ಗಾಡಿ ತುಸು ಎತ್ತರಕ್ಕೆ ನಿಲ್ಲುತ್ತದೆ, ಅಷ್ಟೇ. ಮನೆಯವರು ಹಿಂದೆ ಕೂರುವ ದಿನ ಇನ್ನೆರಡು ಸುತ್ತು ಬೇಕಾದೀತು.

ಮಾತು ಕೇಳುವ ವಿಷಯಕ್ಕೆ ಬಂದರೆ, ಎರಡಕ್ಕೂ ಮುಂದೆ 21 ಇಂಚಿನ ಚಕ್ರ. ತಗ್ಗು ದಾಟಲು ಒಳ್ಳೆಯದು, ಹುಬ್ಬಳ್ಳಿಯ ದುರ್ಗದಬೈಲಿನ ಗದ್ದಲದಲ್ಲಿ ತಿರುಗಿಸುವಾಗ ಮಾತ್ರ ಸ್ವಲ್ಪ ಸೋಮಾರಿ. ಸೀಟು ಎರಡರಲ್ಲೂ ಎತ್ತರವೇ: 825 ಮತ್ತು 830 ಮಿ.ಮೀ.

ಪವರಿನಲ್ಲಿ ಹೋಲಿಕೆಯೇ ಇಲ್ಲ. ಹಿಮಾಲಯನ್‌ದು 40 ಪಿಎಸ್, ಎಕ್ಸ್‌ಪಲ್ಸ್‌ದು 24.6. ಟಾರ್ಕ್, ಅಂದರೆ ಎಳೆಯುವ ಬಲ, 40 ಎನ್‌ಎಂ ಎದುರು 20.7; ಹಿಮಾಲಯನ್‌ಗೆ ಅದು ಎಂಜಿನ್ ಕಡಿಮೆ ಸುತ್ತುವಾಗಲೇ (ಕಡಿಮೆ ಆರ್‌ಪಿಎಂನಲ್ಲೇ) ಸಿಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು, ಇಬ್ಬರು ಕೂತು ಬ್ಯಾಗು ಕಟ್ಟಿಕೊಂಡು ವಾಪಸ್ ಹತ್ತುವಾಗ ಲಾರಿ ಹಿಂದಿಕ್ಕಲು ಹಿಮಾಲಯನ್‌ಗೆ ಗೇರ್ ಇಳಿಸುವ ಗೋಜೇ ಕಡಿಮೆ.

ಆದರೆ ನಿಮಗದು ಆಗಾಗಿನ ಮಾತು. ಎರೆ ದಾರಿ ವಾರಕ್ಕೆ ಎರಡು ಸಲ. ಹುಬ್ಬಳ್ಳಿ ರಸ್ತೆಯಲ್ಲಿ ಎಪ್ಪತ್ತು ಎಂಬತ್ತರಲ್ಲಿ ಹೋಗಲು ಎಕ್ಸ್‌ಪಲ್ಸ್ ಧಾರಾಳ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40, ಜೇಬೂ ಅದೇ ಮಾತು ಹೇಳುತ್ತದೆ. ನಾನಾದರೆ ಎಕ್ಸ್‌ಪಲ್ಸ್ ತರುತ್ತಿದ್ದೆ.

ದುಡ್ಡು ಕೊಡುವ ಮುಂಚೆ ಶೋರೂಮಿನಲ್ಲಿ ಎರಡನ್ನೂ ಎಂಜಿನ್ ಬಂದ್ ಮಾಡಿ ಹಿಂದಕ್ಕೆ ದಬ್ಬಿ ನೋಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ, ಎಷ್ಟು ಬೆರಳು ಹಿಡಿಯುತ್ತವೆ ಎಣಿಸಿ. ಸೇಲ್ಸ್‌ನವರು ನಕ್ಕರೆ ನಗಲಿ, ಅವರ ಹೊಲ ಅಣ್ಣಿಗೇರಿಯಲ್ಲಿಲ್ಲ.