1830ರಲ್ಲಿ ಎಲ್ಲಿಸ್ ದ್ವೀಪದಲ್ಲಿ ಹೆಸರು ಬದಲಾಯಿಸಲು ಯಾರಿದ್ದರು?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗನ ಸಹೋದ್ಯೋಗಿಯೊಬ್ಬರ ಪೂರ್ವಿಕರು 1830ರ ಸುಮಾರಿಗೆ ನಾರ್ವೆಯಿಂದ ಹಾಯಿಹಡಗಿನಲ್ಲಿ ಹೋದವರಂತೆ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಇಳಿದಾಗ ಅಲ್ಲಿನ ಅಧಿಕಾರಿಗಳಿಗೆ ಅವರ ಹೆಸರು ಬಾಯಿಗೆ ಬಾರದೆ ಬೇರೆಯೇ ಹೆಸರು ಬರೆದುಬಿಟ್ಟರಂತೆ. ಹೀಗೆ ಎಷ್ಟು ಜನರ ಹೆಸರು ಬದಲಾಗಿರಬಹುದು?

ಉತ್ತರ: 1830ರ ಮಟ್ಟಿಗೆ ಸೊನ್ನೆ. ದೇಶವೊಂದು ಬೇರೆ, ಮುತ್ತಜ್ಜನ ಹೆಸರೊಂದು ಬೇರೆ, ಉಳಿದಂತೆ ಇದೇ ಪ್ರಶ್ನೆಗೆ ಎಷ್ಟೋ ಸಲ ಉತ್ತರಿಸಿದ್ದಾಗಿದೆ. ಆದ್ದರಿಂದ ಈ ಬಾರಿ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ತೋರಿಸಿದರಾಯಿತು.

ಎಲ್ಲಿಸ್ ದ್ವೀಪದ ವಲಸೆ ಠಾಣೆ ಆರಂಭವಾದದ್ದು 1892ರ ಜನವರಿ 1ರಂದು. ಅದಕ್ಕೂ ಹಿಂದೆ ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಹಳೆಯ ಕೋಟೆಯೊಂದರಲ್ಲಿ ಇದ್ದ ಕ್ಯಾಸಲ್ ಗಾರ್ಡನ್ ಕೇಂದ್ರವೂ 1855ರದ್ದು. ಬಂದವರನ್ನು ಸ್ವಾಗತಿಸಿತೆಂದು ಎಲ್ಲರೂ ಬರೆಯುವ ಸ್ವಾತಂತ್ರ್ಯ ದೇವಿಯ ಪ್ರತಿಮೆ ನಿಂತದ್ದು 1886ರಲ್ಲಿ. 1830ರ ಪ್ರಯಾಣಿಕನಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ, ವೀಸಾ ಎಂಬುದಿರಲಿಲ್ಲ. ಆರೋಗ್ಯ ತಪಾಸಣೆ ಮುಗಿದು ಹಡಗು ದಕ್ಕೆಗೆ ಬಂದರೆ, ಸುಂಕದವರು ಪೆಟ್ಟಿಗೆಗಳನ್ನು ನೋಡಿದ ಮೇಲೆ, ಅವನು ಗಂಟುಮೂಟೆ ಹೊತ್ತು ಊರೊಳಗೆ ನಡೆದುಬಿಡುತ್ತಿದ್ದ.

ಹಾಗಾದರೆ ಪ್ರಯಾಣಿಕರ ಪಟ್ಟಿಗಳು ಎಲ್ಲಿಂದ ಬಂದವು ಎಂದು ಕೇಳುವವರಿದ್ದಾರೆ. ಅವು 1819ರ ಕಾನೂನಿನ ಫಲ. ವಿದೇಶದಿಂದ ಬರುವ ಪ್ರತಿಯೊಂದು ಹಡಗಿನ ಕಪ್ತಾನನೂ ಪ್ರಯಾಣಿಕರ ವಯಸ್ಸು, ಲಿಂಗ, ಕಸುಬು, ಸೇರಿದ ದೇಶ, ನೆಲೆಸಲಿರುವ ದೇಶಗಳನ್ನೂ ದಾರಿಯಲ್ಲಿ ಸತ್ತವರ ಸಂಖ್ಯೆಯನ್ನೂ ನಮೂದಿಸಿದ ಪಟ್ಟಿಯನ್ನು ಬಂದರಿನ ಸುಂಕಾಧಿಕಾರಿಗೆ ಒಪ್ಪಿಸಬೇಕೆಂದು ಆ ಕಾನೂನು ವಿಧಿಸಿತು. ಇಲ್ಲಿ ಗಮನಿಸಬೇಕಾದದ್ದು, ಪಟ್ಟಿ ಸಿದ್ಧಪಡಿಸುವ ಹೊಣೆ ಹಡಗಿನ ಕಡೆಯವರದ್ದು. ಅಮೆರಿಕದ ಅಧಿಕಾರಿ ಅದನ್ನು ಪಡೆದುಕೊಳ್ಳುವವನು ಮಾತ್ರ. ಅವನ ಕಾಳಜಿ ಹೆಸರಿನದ್ದಲ್ಲ, ತಲೆಯೆಣಿಕೆಯದ್ದು: ಪ್ರತಿ 5 ಟನ್ ಸಾಮರ್ಥ್ಯಕ್ಕೆ 2 ಜನರಿಗಿಂತ ಹೆಚ್ಚು ಕರೆತಂದರೆ, ಹೆಚ್ಚಾದ ತಲೆಯೊಂದಕ್ಕೆ 150 ಡಾಲರ್ ದಂಡ.

ಪ್ರಶ್ನೆ ನಾರ್ವೆಯದ್ದಾದ್ದರಿಂದ ಅಲ್ಲಿನದೇ ಉದಾಹರಣೆ ಕೊಡುತ್ತೇನೆ. 1825ರ ಜುಲೈ ಮೊದಲ ವಾರ ಸ್ಟಾವಂಗರ್ ಬಂದರಿನಿಂದ ‘ರೆಸ್ಟಾರೇಷನ್’ ಎಂಬ ಪುಟ್ಟ ಹಾಯಿಹಡಗು 52 ಜನರನ್ನು ಹೊತ್ತು ಹೊರಟಿತು. ಅದರ ಸಾಮರ್ಥ್ಯ ಕೇವಲ 39 ಟನ್. ದಕ್ಷಿಣಕ್ಕೆ ಮಡೀರಾ ದ್ವೀಪದವರೆಗೂ ಇಳಿದು, ಅಟ್ಲಾಂಟಿಕ್ ದಾಟಿ, ಅಕ್ಟೋಬರ್ 9ರಂದು ನ್ಯೂಯಾರ್ಕ್ ತಲುಪುವಾಗ ಅದರಲ್ಲಿದ್ದವರು 53. ನಡುವೆ ಹೆಣ್ಣು ಮಗುವೊಂದು ಹುಟ್ಟಿತ್ತು. ಅಧಿಕಾರಿಗಳು ಕಪ್ತಾನನನ್ನು ಬಂಧಿಸಿದರು, ಹಡಗನ್ನು ಮುಟ್ಟುಗೋಲು ಹಾಕಿಕೊಂಡರು, 3,150 ಡಾಲರ್ ದಂಡ ಹೇರಿದರು. ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರೇ ಕ್ಷಮಾದಾನ ನೀಡಬೇಕಾಯಿತು. ಇಷ್ಟೆಲ್ಲ ರಗಳೆ ನಡೆದದ್ದು ಜನ ಹೆಚ್ಚಾದರೆಂದೇ ಹೊರತು ಯಾರದೋ ಹೆಸರು ನಾಲಿಗೆಗೆ ಸಿಗಲಿಲ್ಲವೆಂದಲ್ಲ.

“ಸರಿ, 1892ರ ನಂತರವಾದರೂ ಬದಲಾಯಿಸಿರಬಹುದಲ್ಲ?” ಎನ್ನುವುದು ಈ ಕಥೆಯನ್ನು ಬಿಡಲೊಲ್ಲದವರ ಕೊನೆಯ ಆಸರೆ. ಅದೂ ನಿಲ್ಲುವುದಿಲ್ಲ. ಎಲ್ಲಿಸ್ ದ್ವೀಪದ ಇನ್‌ಸ್ಪೆಕ್ಟರನ ಮುಂದಿರುತ್ತಿದ್ದುದು ಹಡಗು ಕಂಪನಿಯವರು ಯೂರೋಪಿನಲ್ಲೇ ಬರೆದುಕೊಟ್ಟ ಪಟ್ಟಿ. ಅದರೊಂದಿಗೆ ಉತ್ತರಗಳನ್ನು ತಾಳೆ ನೋಡುವುದು ಅವನ ಕೆಲಸ. ಮಾತು ತಿಳಿಯದಿದ್ದರೆ ದುಭಾಷಿಗಳಿದ್ದರು. ಹೊಸ ಹೆಸರಿನ ಪ್ರಮಾಣಪತ್ರ ಕೊಡುವ ಅಧಿಕಾರ ಅವನಿಗಿರಲಿಲ್ಲ.

ಹೆಸರು ಬದಲಾದದ್ದು ಸುಳ್ಳಲ್ಲ. ಬದಲಾಯಿಸಿದವರು ಬಹುಮಟ್ಟಿಗೆ ಆ ಪೂರ್ವಿಕರೇ. ಕೋರ್ಟಿಗೆ ಹೋಗದೆಯೂ, ಮೋಸದ ಉದ್ದೇಶವಿಲ್ಲದಿದ್ದರೆ, ಬಳಕೆಯಿಂದಲೇ ಹೆಸರು ಬದಲಿಸಿಕೊಳ್ಳಲು ಅಂದಿನ ಅಮೆರಿಕದಲ್ಲಿ ಅಡ್ಡಿಯಿರಲಿಲ್ಲ. ನಾರ್ವೆಯ ಹಳ್ಳಿಗರಿಗಂತೂ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ ಮನೆತನದ ಹೆಸರೇ ಸಾಮಾನ್ಯವಾಗಿ ಇರಲಿಲ್ಲ; ಲಾರ್ಸನ ಮಗ ಲಾರ್ಸೆನ್, ಜೊತೆಗೆ ವಾಸವಿದ್ದ ಜಮೀನಿನ ಹೆಸರು, ಅಷ್ಟೆ. ಇನಿಷಿಯಲ್ ಮಾತ್ರ ಇಟ್ಟುಕೊಂಡ ನಮ್ಮವರು ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆದು, ಅಣ್ಣನದೊಂದು ತಮ್ಮನದೊಂದು ಸರ್‌ನೇಮ್ ಆಗಿಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಧಿಕಾರಿಯ ಅಜ್ಞಾನದ ಕಥೆ ಕೇಳಲು ಸ್ವಾರಸ್ಯವಾಗಿದೆ, ಮೊಮ್ಮಕ್ಕಳಿಗೆ ಅನುಕೂಲವೂ ಆಗಿದೆ. ಅಜ್ಜನೇ ಹಳೆಯ ಹೆಸರನ್ನು ಕೈಬಿಟ್ಟನೆಂದು ಹೇಳುವುದಕ್ಕಿಂತ ಅದು ಹಿತ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ಎಷ್ಟೋ ಪೂರ್ವಿಕರ ಹೆಸರು ಅಮೆರಿಕದ ಯಾವ ಬಂದರಿನ ಪಟ್ಟಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಹೆಸರು ಬದಲಾದದ್ದಕ್ಕಿಂತ ಮರದ ವ್ಯಾಪಾರ ದೊಡ್ಡ ಕಾರಣವಿರಬಹುದು. ನೆಪೋಲಿಯನ್ ಕಾಲದಲ್ಲಿ ಬಾಲ್ಟಿಕ್ ಕಡೆಯ ಮರ ಸಿಗುವುದು ಕಷ್ಟವಾದಾಗ ಬ್ರಿಟನ್ ಕೆನಡಾದ ಕಾಡುಗಳತ್ತ ತಿರುಗಿತು. ಯುದ್ಧ ಮುಗಿದ ಮೇಲೂ ಸುಂಕದ ರಿಯಾಯಿತಿಯಿಂದ ಆ ವ್ಯಾಪಾರ ಉಳಿಯಿತು. ಕ್ವಿಬೆಕ್‌ನಿಂದ ದಿಮ್ಮಿ ತುಂಬಿಕೊಂಡು ಬಂದ ಹಡಗುಗಳಿಗೆ ಮರಳುವಾಗ ಸಾಕಷ್ಟು ಸರಕಿರಲಿಲ್ಲ. ಖಾಲಿ ಹೋಗುವ ಬದಲು ಕೆಳ ಅಂತಸ್ತಿನಲ್ಲಿ ಒರಟು ಹಲಗೆಗಳನ್ನು ಹೊಡೆದು ಎರಡು ಸಾಲು ಮಲಗುವ ಜಾಗ ಮಾಡಿದರೆ ಅದೇ ಲಾಭ. ಅಮೆರಿಕದ ಟನ್ ಲೆಕ್ಕದ ಕಾನೂನು ಬ್ರಿಟಿಷ್ ಕೆನಡಾದ ಬಂದರುಗಳಿಗೆ ಅನ್ವಯಿಸುತ್ತಿರಲಿಲ್ಲ. ಹೀಗಾಗಿ ಅಲ್ಲಿಗೆ ಹೋಗುವ ದರ ನ್ಯೂಯಾರ್ಕಿನದಕ್ಕಿಂತ ಕಡಿಮೆ. ಐರ್ಲೆಂಡಿನ ಬಡವರು ಆ ದಾರಿಯನ್ನೇ ಹೆಚ್ಚಾಗಿ ಹಿಡಿದರು.

ಅಲ್ಲಿ ಇಳಿದವರಲ್ಲಿ ಅನೇಕರು ಕಾಲ್ನಡಿಗೆಯಲ್ಲೋ ದೋಣಿಯಲ್ಲೋ ಗಡಿ ದಾಟಿ ವರ್ಮಾಂಟ್, ಮೇನ್, ನ್ಯೂಯಾರ್ಕ್ ರಾಜ್ಯಗಳನ್ನು ಸೇರಿಕೊಂಡರು. ಕೆನಡಾ ಗಡಿಯಲ್ಲಿ ಬಂದವರ ಹೆಸರು ಬರೆದಿಡುವ ವ್ಯವಸ್ಥೆ ಶುರುವಾದದ್ದು 1895ರಲ್ಲಿ. ನಿಮ್ಮ ಮಗನ ಸಹೋದ್ಯೋಗಿಗೆ ಇಷ್ಟು ತಿಳಿಸಿ: ನ್ಯೂಯಾರ್ಕಿನ ಪಟ್ಟಿಯಲ್ಲಿ ಪೂರ್ವಿಕರು ಸಿಗದಿದ್ದರೆ, ನಾರ್ವೆಯಲ್ಲಿ ಅವರ ಊರಿನ ಚರ್ಚಿನ ದಾಖಲೆ ಪುಸ್ತಕಗಳಲ್ಲಿ ಊರು ಬಿಟ್ಟು ಹೋದವರ ಪುಟಗಳನ್ನು ಹುಡುಕಲಿ. ಅಲ್ಲಿ ಜಮೀನಿನ ಹೆಸರೂ ಅಪ್ಪನ ಹೆಸರೂ ಜೊತೆಯಾಗಿ ಸಿಗುವ ಸಾಧ್ಯತೆ ಹೆಚ್ಚು.