ರೂಮ್ ಟೆಂಪರೇಚರ್ ಸರಿ, ಯಾರ ರೂಮು?

ಬೆಂಗಳೂರಿನ ಹೋಟೆಲುಗಳಲ್ಲಿ ಊಟಕ್ಕೆ ತಕ್ಕ ವೈನ್ ಆರಿಸಿ ಕೊಡುವುದು 15 ವರ್ಷದಿಂದ ನನ್ನ ಕೆಲಸ. ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: “ರೆಡ್ ವೈನ್ ಅಲ್ವಾ? ತಣ್ಣಗೆ ಮಾಡಬಾರದು. ರೂಮ್ ಟೆಂಪರೇಚರ್‌ನಲ್ಲೇ ಕುಡೀಬೇಕು.”

ಸರಿ ಸ್ವಾಮಿ. ಯಾರ ರೂಮು?

ಈ ಮಾತು ಫ್ರಾನ್ಸಿನದು, ಹೀಟರ್ ಇಲ್ಲದ ಕಾಲದ್ದು. ನೆಲಮಾಳಿಗೆಯಲ್ಲಿ ಬಾಟಲಿ 11–12 ಡಿಗ್ರಿಯಲ್ಲಿ ಮಲಗಿರುತ್ತಿತ್ತು. ಊಟಕ್ಕೆ ಮುಂಚೆ ಅದನ್ನು ಮೇಲೆ ತಂದು ಕೋಣೆಯಲ್ಲಿಡುತ್ತಿದ್ದರು. ಕೋಣೆಗೆ ಅಲ್ಲಿ ‘ಶಾಂಬ್ರ್’ ಅಂತಾರೆ, ಹೀಗೆ ಕೋಣೆಯ ಹದಕ್ಕೆ ತರುವುದಕ್ಕೆ ‘ಶಾಂಬ್ರೆ’. ಆ ಕೋಣೆ ಇರುತ್ತಿದ್ದದ್ದು 16ರಿಂದ 18 ಡಿಗ್ರಿ. ತೀರಾ ತಣ್ಣಗಿದ್ದದ್ದನ್ನು ಕೊಂಚ ಬೆಚ್ಚಗೆ ಮಾಡಿ ಎಂಬುದಷ್ಟೇ ಸಲಹೆ. ನಮ್ಮ ಹಾಲ್‌ನಲ್ಲಿ ಏಪ್ರಿಲ್ ಸಂಜೆ 29–30 ಇರುತ್ತದೆ. ಮಾತು ಇಲ್ಲಿಗೆ ಬಂತು, ಚಳಿ ಅಲ್ಲೇ ಉಳಿಯಿತು.

ಫ್ರಾನ್ಸಿನ ಬೋರ್ಡೋ ಕಡೆಯ ರೆಡ್ ವೈನ್‌ನಲ್ಲಿ ಈಗ ಆಲ್ಕೋಹಾಲ್ ಸಾಮಾನ್ಯವಾಗಿ 13ರಿಂದ 14.5%. 30 ಡಿಗ್ರಿಯಲ್ಲಿ ಗ್ಲಾಸಿಗೆ ಮೂಗಿಟ್ಟರೆ ಮೊದಲು ನುಗ್ಗುವುದು ಅದರ ಘಾಟು. ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿಯ ಕಪ್ಪು ಹಣ್ಣಿನ ವಾಸನೆ, ಪೆನ್ಸಿಲ್ ಕೆತ್ತಿದಾಗ ಬರುವಂಥ ಮರದ ವಾಸನೆ, ನೀವು ದುಡ್ಡು ಕೊಟ್ಟದ್ದು ಯಾವುದಕ್ಕೋ ಅದೆಲ್ಲ ಘಾಟಿನಡಿ ಮುಚ್ಚಿಹೋಗುತ್ತದೆ. ಹಾಗಂತ 6–7 ಡಿಗ್ರಿಗೆ ಇಳಿಸಿದರೂ ಕಷ್ಟ. ವಾಸನೆ ಮುದುಡಿಕೊಳ್ಳುತ್ತದೆ, ಒಗರು ಗಡುಸಾಗುತ್ತದೆ. ಬೋರ್ಡೋದಲ್ಲೇ ಇರುವ ಮೆದೊಕ್ ಸೀಮೆಯ ವೈನ್‌ಗೆ 16–18 ಸರಿ. ಬೊಜೊಲೆಯಂಥ ಹಗುರದ್ದಕ್ಕೆ 12–14 ಸಾಕು.

ಹೋದ ವರ್ಷ ಜಯನಗರದ ಒಂದು ಮನೆಗೆ ಕರೆದಿದ್ದರು. ಮೆದೊಕ್‌ನದೇ ಸೇಂತ್-ಎಸ್ತೆಫ್ ಎಂಬ ಊರಿನ ರೆಡ್ ವೈನ್, ಎರಡು ಬಾಟಲಿ. ಎಲ್ಲಿಟ್ಟಿದ್ದರು ಗೊತ್ತಾ? ಫ್ರಿಜ್ಜಿನ ತಲೆಯ ಮೇಲೆ. ಮನೆಯಲ್ಲಿ ಅದಕ್ಕಿಂತ ಬಿಸಿ ಜಾಗ ಒಲೆಯೊಂದೇ ಇರಬೇಕು. ಒಂದು ಗುಟುಕಿಗೆ ಎಲ್ಲರ ಮುಖ ಕಿವುಚಿತು. “ಕಹಿ” ಅಂದರು.

ಮನೆಯವರ ಮಾವ ಸಾಗರದ ಕಡೆಯ ಅಡಿಕೆ ಬೆಳೆಗಾರರು. ಅವರು ಮಾತ್ರ ಗುಟುಕನ್ನು ಬಾಯಲ್ಲಿ ನಿಧಾನವಾಗಿ ಆಡಿಸಿದರು. “ಕಹಿ ಅಲ್ಲ ಮಾರಾಯ್ರೆ, ಒಗರು. ನಮ್ಮ ಚೊಗರಿನ ಹಾಗೆ.”

ನನಗೆ ಎದ್ದು ಕೈಮುಗಿಯೋಣ ಅನ್ನಿಸಿತು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕಡುಗೆಂಪು ನೀರೇ ಚೊಗರು. ಅದರಲ್ಲಿರುವುದೂ ಒಗರು ಕೊಡುವ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ–ಬೀಜದಿಂದ ವೈನ್‌ಗೆ ಬರುವುದೂ ಟ್ಯಾನಿನ್. ಕಹಿ ಒಂದು ರುಚಿ. ಒಗರು ವಸಡನ್ನೂ ಕೆನ್ನೆಯ ಒಳಗನ್ನೂ ಹಿಡಿದು ಒಣಗಿಸುತ್ತದೆ. ಎಳೆ ಸೀಬೆಕಾಯಿ ಕಚ್ಚಿದ ಮಕ್ಕಳಿಗೂ ಇದು ಗೊತ್ತು. ಕೈಗೆ ವೈನ್ ಗ್ಲಾಸ್ ಬಂದ ಕೂಡಲೇ ಯಾಕೆ ಮರೆತುಹೋಗುತ್ತದೋ!

ಬಕೆಟ್ ತರಿಸಿದೆ. ಅರ್ಧ ಐಸು, ಅರ್ಧ ನೀರು. ನೀರು ಬೇಕೇ ಬೇಕು. ಬರೀ ಐಸ್ ಬಾಟಲಿಗೆ ಅಲ್ಲಲ್ಲಿ ತಾಗುತ್ತದೆ, ನೀರು ಸುತ್ತಲೂ ಹಿಡಿಯುತ್ತದೆ. 10 ನಿಮಿಷ ಬಿಟ್ಟು ಅದೇ ವೈನ್ ಸುರಿದೆ. ಒಗರು ಹೋಗಲಿಲ್ಲ, ಹೋಗಲೂಬಾರದು. ಆದರೆ ಘಾಟು ಇಳಿದು ಹಣ್ಣು ಮೇಲೆ ಬಂತು. ಮಟನ್ ಚಾಪ್ಸ್ ಜೊತೆ ಒಗರೂ ನಯವಾಯಿತು. ಸೇಂತ್-ಎಸ್ತೆಫ್‌ನ ಪಕ್ಕದೂರು ಪೊಯಾಕ್‌ನವರು ಇಂಥದ್ದನ್ನು ಕುರಿಮರಿ ಮಾಂಸದ ಜೊತೆ ಕುಡಿಯುವುದು ಸುಮ್ನೆ ಅಲ್ಲ. ಚಾಪ್ಸ್‌ಗೆ ಖಾರ ಜಾಸ್ತಿ ಬಿದ್ದಿದ್ದರೆ ಬೇರೆ ಕಥೆ, ಆಗ ಆಲ್ಕೋಹಾಲ್ ಇನ್ನೂ ಉರಿಯುತ್ತದೆ.

ಐಸ್ ಇಲ್ಲದಿದ್ದರೆ ಫ್ರಿಜ್ಜಿನಲ್ಲಿ ಒಂದೂವರೆ ಗಂಟೆ ಇಡಿ. ನಿಮ್ಮ ಫ್ರಿಜ್ ಎಷ್ಟು ಗಟ್ಟಿಯೋ ನನಗೆ ಗೊತ್ತಿಲ್ಲ, ಹಾಗಾಗಿ ಇದು ಅಂದಾಜು. ತುಸು ಜಾಸ್ತಿ ತಣ್ಣಗಾದರೂ ಚಿಂತೆಯಿಲ್ಲ, ಗ್ಲಾಸಿನಲ್ಲಿ ತಾನೇ ಬೆಚ್ಚಗಾಗುತ್ತದೆ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಹಳೇ ಬಾಟಲಿಯಾದರೆ ತಳದ ಗಷ್ಟು ಕದಡದ ಹಾಗೆ ನೋಡಿಕೊಳ್ಳಿ. ಡಾಕ್ಟರು ಬೇಡ ಅಂದಿದ್ದರೆ ಇದನ್ನು ಓದಿ ಬಿಟ್ಟುಬಿಡಿ.

ಆ ಮನೆಯಿಂದ ಮುಂದಿನ ವಾರ ಫೋನ್ ಬಂತು. ಎರಡನೇ ಬಾಟಲಿಯನ್ನು ಬೇಗ ತಣ್ಣಗಾಗಲಿ ಅಂತ ಫ್ರೀಜರಿಗೆ ಹಾಕಿ, ಮರೆತು ಮಲಗಿಬಿಟ್ಟಿದ್ದರಂತೆ.

“ಕಾರ್ಕ್ ಅರ್ಧ ಹೊರಗೆ ಬಂದಿದೆ ಸರ್. ಏನ್ಮಾಡ್ಲಿ?”

ಕರಗಿದ ಮೇಲೆ ಮಟನ್ ಬೇಯಿಸೋಕೆ ಹಾಕಿ ಅಂದೆ. ಹಿಂದಿನಿಂದ ಮಾವನವರ ದನಿ ಕೇಳಿಸಿತು: “ಅದಕ್ಕೆ ಮುಂಚೆ ನನಗೊಂದು ಗುಟುಕು ಕೊಡಿ, ಚೊಗರು ಹೇಗಿದೆ ನೋಡ್ತೇನೆ.”