ಟಿನ್ಸ್ಲಿಗಿಂತ ಕಂಪ್ಯೂಟರ್ ಮೇಲು ಅಂತ ಸಾಬೀತು ಮಾಡ್ಬೇಕಾದೋರು ಯಾರು?

ಚೆಸ್ಸಲ್ಲಿ ಕಂಪ್ಯೂಟರ್ ಮೇಲೋ ಮನುಷ್ಯ ಮೇಲೋ ಅಂತ ಈಗ ಯಾರೂ ಜಗಳ ಆಡಲ್ಲ, ಫೋನಲ್ಲಿರೋ ಆಪೇ ವಿಶ್ವ ಚಾಂಪಿಯನ್‌ನ ಸೋಲಿಸುತ್ತೆ. ಆದ್ರೆ ಚೆಕರ್ಸ್ (ಚೆಸ್ ಥರದ್ದೇ ಬೋರ್ಡ್ ಮೇಲೆ, ಎದುರಾಳಿ ಕಾಯಿ ಮೇಲಿಂದ ಹಾರಿ ಅದನ್ನ ತೆಗೆಯೋ ಆಟ) ಕತೆ ಅಷ್ಟು ಸಲೀಸಲ್ಲ.

ಅಮೆರಿಕದ ಮೇರಿಯನ್ ಟಿನ್ಸ್ಲಿ ಗಣಿತದ ಪ್ರೊಫೆಸರ್, ಚೆಕರ್ಸ್ ವಿಶ್ವ ಚಾಂಪಿಯನ್ ಆಗಿದ್ದೋರು. 1950ರ ದಶಕದಿಂದ ಸುಮಾರು ನಲವತ್ತು ವರ್ಷದಲ್ಲಿ ಸೋತಿದ್ದು ಬೆರಳೆಣಿಕೆಯಷ್ಟು ಗೇಮು, ನಂಬೋಕೇ ಕಷ್ಟ! 1992ರಲ್ಲಿ ಲಂಡನ್‌ನಲ್ಲಿ ಚಿನೂಕ್ ಜೊತೆ ಆಡಿದ್ರು, ಅದು ಕೆನಡಾದ ಜೊನಾಥನ್ ಶೆಫರ್ ತಂಡ ಬರೆದ ಪ್ರೋಗ್ರಾಮ್. ಟಿನ್ಸ್ಲಿ 4 ಗೆದ್ರು, 2 ಸೋತ್ರು, 33 ಡ್ರಾ.

ಹಾಗಾದ್ರೆ ಟಿನ್ಸ್ಲಿನೇ ಮೇಲು ಅಂತ ಆಯ್ತಾ? ಡ್ರಾಗಳನ್ನ ಬಿಟ್ರೆ ಉಳಿಯೋದು ಆರೇ ಗೇಮು, ನಾಣ್ಯನ ಆರು ಸಲ ಚಿಮ್ಮಿದ್ರೂ ನಾಲ್ಕು ಅಥವಾ ಹೆಚ್ಚು ಸಲ ಹೆಡ್ ಬೀಳೋ ಸಾಧ್ಯತೆ 64ರಲ್ಲಿ 22, ಅಂದ್ರೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಈ ಒಂದು ಮ್ಯಾಚಿಂದ ಯಾರು ಮೇಲು ಅಂತ ಹೇಳೋಕೆ ಆಗಲ್ಲ. ಟಿನ್ಸ್ಲಿ ಪರ ಮಾತಾಡ್ತಿದ್ದಿದ್ದು ಅದರ ಹಿಂದಿನ ನಲವತ್ತು ವರ್ಷದ ರೆಕಾರ್ಡು. ಅದಕ್ಕೇ ಪುರಾವೆ ಕೊಡೋ ಹೊಣೆ ಚಿನೂಕ್ ಕಡೆಯೋರ ಮೇಲಿತ್ತು, ನನ್ನ ಪ್ರಕಾರ ಅದು ನ್ಯಾಯನೇ.

1994ರಲ್ಲಿ ಬಾಸ್ಟನ್‌ನಲ್ಲಿ ಮತ್ತೆ ಮ್ಯಾಚ್. ಆರು ಗೇಮೂ ಡ್ರಾ, ಆಮೇಲೆ ಟಿನ್ಸ್ಲಿಗೆ ಹುಷಾರಿಲ್ದೆ ಮ್ಯಾಚ್ ಬಿಟ್ಟುಕೊಟ್ರು, ಕ್ಯಾನ್ಸರ್ ಅಂತ ಗೊತ್ತಾಯ್ತು, ಮುಂದಿನ ವರ್ಷ ತೀರಿಕೊಂಡ್ರು. ಮನುಷ್ಯ-ಕಂಪ್ಯೂಟರ್ ಚೆಕರ್ಸ್ ವಿಶ್ವ ಪಟ್ಟ ಚಿನೂಕ್‌ಗೆ ಹೋಯ್ತು. ಪಟ್ಟ ಸಿಕ್ತು, ಪುರಾವೆ ಸಿಗ್ಲಿಲ್ಲ.

ಶೆಫರ್ ಬಿಡ್ಲಿಲ್ಲ. 1989ರಲ್ಲಿ ಶುರು ಮಾಡಿದ್ದ ಲೆಕ್ಕಾಚಾರ 2007ಕ್ಕೆ ಮುಗೀತು: ಎರಡೂ ಕಡೆಯೋರು ತಪ್ಪಿಲ್ದೆ ಆಡಿದ್ರೆ ಚೆಕರ್ಸ್ ಡ್ರಾ ಆಗ್ಲೇಬೇಕು. ಬೋರ್ಡ್ ಮೇಲೆ 10 ಕಾಯಿ ಅಥವಾ ಕಮ್ಮಿ ಉಳಿದಾಗ ಬರೋ ಸುಮಾರು 39 ಲಕ್ಷ ಕೋಟಿ ಸ್ಥಿತಿಗಳ ಉತ್ತರನೂ ಡೇಟಾಬೇಸಲ್ಲಿದೆ. ಈ ಪ್ರೂಫ್ ಕೈಲಿರೋ ಪ್ರೋಗ್ರಾಮ್‌ನ ಮೊದಲಿಂದ ಆಡಿದ್ರೆ ಯಾರೂ ಸೋಲಿಸೋಕಾಗಲ್ಲ, ಟಿನ್ಸ್ಲಿನೂ ಸೇರಿ.

ಆದ್ರೆ ಇಲ್ಲೊಂದು ಗಮನಿಸ್ಬೇಕು, 1994ರ ಚಿನೂಕ್ ಹತ್ರ ಈ ಪ್ರೂಫ್ ಇರ್ಲಿಲ್ಲ. ಆಗ ಅದೇ ಮೇಲಿತ್ತು ಅನ್ನೋರು ಈಗ್ಲೂ ತೋರಿಸ್ಬೇಕು. ದಾರಿ ಇಲ್ಲ ಅಂತಲ್ಲ, ಉಳಿದಿರೋ ಹಳೇ ಗೇಮುಗಳನ್ನ ಈಗಿನ ಡೇಟಾಬೇಸ್‌ಗೆ ಕೊಟ್ಟು ತಪ್ಪು ನಡೆಗಳನ್ನ ಹುಡುಕಬಹುದು, ಆದ್ರೆ ಟಿನ್ಸ್ಲಿ ತಪ್ಪುಗಳನ್ನ ಮಾತ್ರ ಅಲ್ಲ, ಆಗಿನ ಚಿನೂಕ್ ತಪ್ಪುಗಳನ್ನೂ ಎಣಿಸ್ಬೇಕು.